ಬೇಡವೆಂದು ಬಿಟ್ಟು ಬಂದ ಗಾಡಿ

ನಮ್ಮ ಆರ್ಕೆಸ್ಟ್ರಾದಲ್ಲಿ ಇರುವುದು ಮೂರೇ ಜನ. ಹಾಡುವವಳು ನನ್ನ ತಂಗಿ, ಕೀಬೋರ್ಡ್ ನುಡಿಸುವವಳೂ ಅವಳೇ. ರಿದಮ್ ಪ್ಯಾಡ್ ಬಾರಿಸುವವರು ವಿನೋಬನಗರದ ಒಬ್ಬ ಟೈಲರ್. ಹಗಲು ಬ್ಲೌಸ್ ಹೊಲಿಯುತ್ತಾರೆ, ಸಂಜೆ ಮದುವೆ ಮನೆಗಳಲ್ಲಿ ಪ್ಯಾಡ್ ಬಾರಿಸುತ್ತಾರೆ. ಮದುಮಗಳ ಬ್ಲೌಸ್ ತಾವೇ ಹೊಲಿದದ್ದಾದರೆ ಅವತ್ತಿನ ಬಾರಿಸುವಿಕೆಯಲ್ಲಿ ಗತ್ತು ಸ್ವಲ್ಪ ಹೆಚ್ಚಾಗಿರುತ್ತದೆ. ಮೂರನೆಯವನು ನಾನು. ನಾನು ಏನನ್ನೂ ನುಡಿಸುವುದಿಲ್ಲ. ಸಾಮಾನು ಎತ್ತುತ್ತೇನೆ.

ಸಾಮಾನು ಎಂದರೆ ಕಡಿಮೆಯಲ್ಲ. ಎರಡು ದೊಡ್ಡ ಬೇಸ್ ಬಾಕ್ಸು, ಅವುಗಳ ಮೇಲೆ ಕೂರುವ ಸಣ್ಣ ಬಾಕ್ಸು, ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡು, ಸ್ಟ್ಯಾಂಡುಗಳು, ಒಂದು ಗೋಣಿಚೀಲ ತುಂಬ ಕೇಬಲ್ಲು. ಬಾಡಿಗೆ ಲಗೇಜ್ ಆಟೋದಿಂದ ಇವನ್ನೆಲ್ಲ ಇಳಿಸಿ ವೇದಿಕೆಗೆ ಮುಟ್ಟಿಸುವುದು, ಮುಗಿದ ಮೇಲೆ ಮತ್ತೆ ಹತ್ತಿಸುವುದು ನನ್ನ ಕೆಲಸ. ಬೇಸ್ ಬಾಕ್ಸನ್ನು ಬೇರೆ ಬ್ಯಾಂಡಿನವರು ಇಬ್ಬರು ಹಿಡಿಯುತ್ತಾರೆ. ನಾನು ಒಬ್ಬನೇ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದೆ. ಸಣ್ಣವನಿದ್ದಾಗ ಶಾಲೆಗಿಂತ ಗರಡಿಮನೆಗೆ ಹೆಚ್ಚು ಹೋದವನು ನಾನು. ಆರನೇ ತರಗತಿಯ ಹೊತ್ತಿಗೆ ಶಾಲೆಗೂ ನನಗೂ ಬೇಸರವಾಗಿ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟೆವು.

ಹಗಲು ನಾನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯೂ ಹೊರುವುದೇ, ಆದರೆ ಮಂಡಕ್ಕಿ ಚೀಲ. ನೋಡಿದವರಿಗೆ ಆನೆಮರಿಯಷ್ಟು ಕಾಣುತ್ತದೆ, ಹೊತ್ತವನಿಗೆ ದಿಂಬು ಹೊತ್ತಂತಿರುತ್ತದೆ. ಊರವರಿಗೆಲ್ಲ ಅದು ಗೊತ್ತು. ಎರಡು ಚೀಲ ಒಟ್ಟಿಗೆ ಎತ್ತಿದರೂ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ನನ್ನ ಶಕ್ತಿಯನ್ನು ನಾಲ್ಕು ಜನ ನೋಡುವುದು ಅಂತ ಇದ್ದರೆ ಅದು ಆರತಕ್ಷತೆಯ ಸಂಜೆಗಳಲ್ಲಿ ಮಾತ್ರ.

ಅದೂ ಮುಂಬಾಗಿಲಲ್ಲಿ ಅಲ್ಲ. ಕಲ್ಯಾಣ ಮಂಟಪಗಳ ಮುಂಬಾಗಿಲಲ್ಲಿ ಪನ್ನೀರು, ಗುಲಾಬಿ, ಫೋಟೋದವರು ಇರುತ್ತಾರೆ. ಬ್ಯಾಂಡಿನ ಸಾಮಾನು ಅಲ್ಲಿಂದ ಹೋಗುವಂತಿಲ್ಲ. ನಮ್ಮದು ಯಾವಾಗಲೂ ಅಡುಗೆಮನೆ ಕಡೆಯ ಬಾಗಿಲು. ದಾವಣಗೆರೆಯಲ್ಲಿ, ಹರಿಹರದಲ್ಲಿ ಮದುವೆ ಅಡುಗೆ ಮಾಡುವವರೆಲ್ಲ ನನಗೆ ಪರಿಚಯ. ಬಾಕ್ಸ್ ಹೊತ್ತು ಒಳಗೆ ಬರುತ್ತಿದ್ದಂತೆ, "ಬರ್ರಿ ಪೈಲ್ವಾನ್ರೇ, ದಾರಿ ಬಿಡ್ರೋ ಅವ್ರಿಗೆ!" ಎಂದು ಸೌಟು ಹಿಡಿದವರು ಕೂಗುತ್ತಿದ್ದರು. ಬಾಕ್ಸ್ ಇಟ್ಟು ವಾಪಸು ಬಂದರೆ ಬಾಣಲೆಯಿಂದ ಆಗತಾನೆ ತೆಗೆದ ಮಿರ್ಚಿ ಬಜ್ಜಿ ಎಲೆಯ ಮೇಲೆ ಕಾಯುತ್ತಿರುತ್ತಿತ್ತು. ಬೀಗರಿಗೂ ಮೊದಲು ನನಗೆ. ಇದು ಎಲ್ಲೂ ಬರೆದಿಟ್ಟ ಪದ್ಧತಿಯಲ್ಲ, ಆದರೆ ಎಲ್ಲ ಮಂಟಪಗಳ ಹಿಂಬಾಗಿಲಲ್ಲೂ ನಡೆಯುತ್ತಿತ್ತು. ತಂಗಿಗೆ ವೇದಿಕೆಯ ಮೇಲೆ ಚಪ್ಪಾಳೆ ಬಿದ್ದರೆ ನನಗೆ ಆ ಮಿರ್ಚಿಯೇ ಚಪ್ಪಾಳೆ.

ಹೀಗಿರುವಾಗ ಒಂದು ದಿನ ಟೈಲರಿಗೆ ಸೊಂಟ ಹಿಡಿಯಿತು. ಸಣ್ಣ ಬಾಕ್ಸ್ ಒಂದನ್ನು ಹಿಡಿದು ಬಗ್ಗಿದವರು ಹಾಗೇ ನಿಂತುಬಿಟ್ಟರು. ತಂಗಿ ಅವರ ಬೆನ್ನಿಗೆ ಬಿಸಿನೀರಿನ ಚೀಲ ಕೊಟ್ಟು, ಮಾರನೆಯ ದಿನ ಸರಸ್ವತಿ ನಗರದ ತನ್ನ ಮನೆಗೆ ನನ್ನನ್ನು ಕರೆಸಿಕೊಂಡಳು.

"ಅಣ್ಣ, ಒಂದು ತಳ್ಳೋ ಗಾಡಿ ತಗಳಾನ. ಎಲ್ಲಾ ಬಾಕ್ಸು ಅದ್ರ ಮ್ಯಾಲೆ ಹಾಕಿದ್ರೆ ಒಂದೋ ಎರಡೋ ಸರ್ತಿಗೆ ಮುಗೀತೈತೆ."

"ಗಾಡಿ ಯಾಕವ್ವ? ನಾನೇನ್ ಸತ್ತೋದ್ನಾ?"

"ಬಿಡ್ತು ಅನ್ನು. ನಿನಗೂ ಐವತ್ತು ಬಂತು."

"ನಲವತ್ತೆಂಟು."

"ಮೆಟ್ಲು ಹತ್ತುವಾಗ ಐವತ್ತಾರು ಅನ್ಸುತ್ತೆ. ಮೊನ್ನೆ ಅರ್ಧಕ್ಕೆ ನಿಂತು ಗೋಡೆ ನೋಡ್ತಿದ್ದೆಲ್ಲ, ಗೋಡೆ ಮ್ಯಾಲೆ ಏನ್ ಬರ್ದಿತ್ತು?"

ಗೋಡೆಯ ಮೇಲೆ ಏನೂ ಬರೆದಿರಲಿಲ್ಲ.

"ನೀನೇ ನೋಡ್ಕೊಂಡು ಬಾ. ಭಾರದ ಇಚಾರ ನನಗೇನ್ ಗೊತ್ತು? ನೀನು ಹ್ಞೂಂ ಅಂದ ಗಾಡಿನೇ ನಮ್ಮ ಗಾಡಿ" ಎಂದಳು. ಅಷ್ಟು ನಂಬಿಕೆ ಇಟ್ಟು ಹೇಳಿದ ಮೇಲೆ ಹೋಗದೇ ಇರಲು ಆಗಲಿಲ್ಲ.

ಮೊದಲು ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕಿದೆ. ಬಾಳೆಹಣ್ಣು ಮಾರುವ ತಳ್ಳುಗಾಡಿಯವನೊಬ್ಬ ತನ್ನ ಹಳೆಯ ಗಾಡಿ ಕೊಡುತ್ತೇನೆ ಎಂದ. ನಾಲ್ಕು ಸೈಕಲ್ ಗಾಲಿಯ ದೊಡ್ಡ ಗಾಡಿ. ಓಡುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಲಗೇಜ್ ಆಟೋದಲ್ಲಿ ಹಾಕಿದರೆ ಬಾಕ್ಸುಗಳಿಗೆ ಇನ್ನೊಂದು ಆಟೋ ಬೇಕು. "ಆಟೋ ಯಾಕ್ರಿ, ಹರಿಹರದ ತನ ತಳ್ಕೊಂಡೇ ಹೋಗ್ರಿ, ದಾರ್ಯಾಗೆ ಹಣ್ಣೂ ಮಾರಬೋದು" ಎಂದ ಅವನು. ಆಮೇಲೆ ಸಿಮೆಂಟ್ ಅಂಗಡಿಯೊಂದರಲ್ಲಿ ಚೀಲ ಸಾಗಿಸುವ ಎರಡು ಗಾಲಿಯ ಗಾಡಿ ನೋಡಿದೆ. ಅದನ್ನು ಓರೆ ಮಾಡಿ ಎಳೆಯಬೇಕು. ಮಿಕ್ಸರ್ ಜಾರಿ ಬಿದ್ದರೆ ತಂಗಿ ನನ್ನನ್ನು ಓರೆ ಮಾಡಿ ಎಳೆಯುತ್ತಾಳೆ. ಬೇಡವೆಂದೆ. ಇಲ್ಲಿಯವರೆಗೆ ನಾನು ಪ್ರಾಮಾಣಿಕನಾಗಿಯೇ ಇದ್ದೆ.

ಅಲ್ಲಿಂದ ಹಳೇ ಊರಿನ ಕಡೆ ಒಂದು ಗುಜರಿ ಅಂಗಡಿಗೆ ಹೋದೆ. ಮುಚ್ಚಿದ ಹೋಟೆಲು, ಮುಚ್ಚಿದ ಬಟ್ಟೆ ಅಂಗಡಿಗಳ ಸಾಮಾನೆಲ್ಲ ಅಲ್ಲಿಗೆ ಬರುತ್ತದೆ. ಅಂಗಡಿಯವರು ಒಳ್ಳೆಯ ಮಾತುಗಾರರು. "ಬರ್ರಿ ಭಾಯ್, ಕೂಡ್ರಿ. ಗಾಡಿ ತಾನೆ? ನಿಮಗಂತಾನೇ ಒಂದು ಬಂದು ಕುಂತೈತೆ" ಎಂದು ಒಳಗಿನಿಂದ ಒಂದನ್ನು ಎಳೆದು ತಂದರು. ಯಾವುದೋ ಹೋಟೆಲಿನಲ್ಲಿ ಸಾಮಾನು ಸಾಗಿಸಲು ಇಟ್ಟುಕೊಂಡಿದ್ದ ಗಾಡಿ. ಕಬ್ಬಿಣದ ಚೌಕಟ್ಟು, ಮೇಲೆ ಹಲಗೆ, ಒಂದು ಕಡೆ ಹಿಡಿಕೆ, ಕೆಳಗೆ ಊಟದ ತಟ್ಟೆಯಷ್ಟು ಅಗಲದ ರಬ್ಬರ್ ಗಾಲಿಗಳು. ಅವರು ಅದರ ಮೇಲೆ ಹಳೆಯ ಮೋಟಾರೊಂದನ್ನು ಇಟ್ಟು, "ದಬ್ರಿ" ಎಂದರು. ದಬ್ಬಿದೆ. "ಅಷ್ಟು ಬ್ಯಾಡ್ರಿ, ಬೆರಳಿಂದ ದಬ್ರಿ." ಒಂದು ಬೆರಳಿಟ್ಟೆ. ಗಾಡಿ ಸದ್ದಿಲ್ಲದೆ ಹೋಗಿ ಎದುರಿನ ಫ್ರಿಜ್ಜಿಗೆ ತಾಗಿ ನಿಂತಿತು. ಅಂಗಡಿಯ ಮುಂದೆ ಚರಂಡಿಯ ಮೇಲೆ ಒಂದು ಒರಟು ಕಲ್ಲು ಹಾಸಿತ್ತು. ಅದನ್ನೂ ಹತ್ತಿ ಇಳಿಯಿತು.

ಒಳ್ಳೆಯ ಗಾಡಿ ಸಿಕ್ಕಿತೆಂದು ಖುಷಿಯಾಗಬೇಕಿತ್ತು. ಆಗಲಿಲ್ಲ. ಇದನ್ನು ಯಾರು ಬೇಕಾದರೂ ದಬ್ಬಬಹುದು. ಸೊಂಟ ಹಿಡಿದ ಟೈಲರ್ ದಬ್ಬಬಹುದು. ತಂಗಿ ಹಾಡು ಗುನುಗುತ್ತ ದಬ್ಬಬಹುದು. ಆಮೇಲೆ ನನ್ನನ್ನು ಯಾಕೆ ಕರೆಯುತ್ತಾರೆ? ಮಂಡಕ್ಕಿ ಚೀಲದ ಕೆಳಗೆ ಉಳಿದ ಸಂಜೆಗಳನ್ನು ಕಳೆಯಬೇಕಾಗುತ್ತದೆ ಎನ್ನಿಸಿತು.

"ಬೇರೆ ಐತಾ?" ಎಂದೆ.

ಅಂಗಡಿಯವರು ನನ್ನ ಮುಖ ನೋಡಿದರು. "ಇದ್ಕಿಂತ ಬೇರೆ ಯಾಕ್ರಿ?"

"ನೋಡಾನ, ತೋರ್ಸ್ರಿ."

ಮೂಲೆಯಲ್ಲಿ ಬಟ್ಟೆ ಅಂಗಡಿಯಿಂದ ಬಂದ ಒಂದು ತಗ್ಗು ಗಾಡಿ ಇತ್ತು. ಸೀರೆ ಗಂಟುಗಳನ್ನು ನುಣುಪು ನೆಲದ ಮೇಲೆ ಎಳೆಯಲು ಮಾಡಿದ್ದು. ಗಾಲಿಗಳು ಗಟ್ಟಿ ಪ್ಲಾಸ್ಟಿಕ್ಕಿನವು, ಚಿಕ್ಕವು, ಒಂದಂತೂ ತಲೆ ಅಲ್ಲಾಡಿಸುತ್ತಿತ್ತು. ಅದನ್ನು ಉರುಳಿಸಿ ನೋಡಲಿಲ್ಲ. ಅನಾಮತ್ತಾಗಿ ಎತ್ತಿ ನೋಡಿದೆ. "ಇದು ಇರ್ಲಿ" ಎಂದೆ.

"ಭಾಯ್, ಗಾಡಿ ಅನ್ನೋದು ನಮ್ಮ ಸಾಮಾನು ಹೊರಬೇಕು. ಅದನ್ನೇ ನೀವು ಹೊರ್ತೀನಿ ಅಂತೀರಲ್ಲ!" ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ನನಗೆ ಗೊತ್ತಿತ್ತು: ಈ ಗಾಡಿ ಎಲ್ಲಾದರೂ ಕೈಕೊಡುತ್ತದೆ, ಆಗ ಹೆಗಲು ಬೇಕಾಗುತ್ತದೆ.

ತಂಗಿಗೆ ಹೇಳಿದ್ದು ಇಷ್ಟು: "ಒಂದು ರಬ್ಬರ್ ಗಾಲಿದು ಇತ್ತಂತೆ, ನಾನು ಹೋಗೋದ್ರೊಳಗೆ ಯಾರೋ ತಗಂಡು ಹೋಗ್ಯಾರೆ. ಇರೋದ್ರಾಗೆ ಇದೇ ಚಲೋದು." ಅವಳು ನಂಬಿದಳು. ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಹಿಡಿಕೆಗೆ ಚೆಂಡುಹೂವಿನ ಮಾಲೆ ಸುತ್ತಿ, ಹೊಸ ವಾಹನಕ್ಕೆ ಮಾಡುವಂತೆ ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟಳು. "ದಬ್ಬು ಅಣ್ಣ." ದಬ್ಬಿದೆ. ಗಾಲಿ ನಿಂಬೆಹಣ್ಣನ್ನು ಹತ್ತಲಾರದೆ ಮುಖ ತಿರುಗಿಸಿಕೊಂಡು ಪಕ್ಕಕ್ಕೆ ಹೋಯಿತು. ಇನ್ನೊಂದು ಸಲ ದಬ್ಬಿದೆ. ನಿಂಬೆಹಣ್ಣೇ ಉರುಳಿ ಚರಂಡಿ ಸೇರಿತು.

ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೋಡಲು ಬಂದಿದ್ದ ಟೈಲರ್, "ಅಕ್ಕಾರೆ, ನಿಂಬೆಹಣ್ಣು ದಾಟದ ಗಾಡಿ ಹರಿಹರ ದಾಟ್ತೈತಾ?" ಎಂದರು.

"ಅಪಶಕುನ ನುಡೀಬ್ಯಾಡ್ರಿ ನೀವು" ಎಂದು ತಂಗಿ ಇನ್ನೊಂದು ಹಣ್ಣು ತಂದು ಕಾಲಲ್ಲೇ ತುಳಿದು ಪೂಜೆ ಮುಗಿಸಿದಳು.

ಗಾಡಿಯ ಮೊದಲ ಕಾರ್ಯಕ್ರಮ ದಾವಣಗೆರೆಯಲ್ಲೇ, ಹೊಸದಾಗಿ ಕಟ್ಟಿದ ಒಂದು ಮಂಟಪದಲ್ಲಿ. ಅಡುಗೆಮನೆಯಿಂದ ವೇದಿಕೆಯವರೆಗೂ ಕನ್ನಡಿಯಂಥ ಗ್ರಾನೈಟ್. ಆ ದರಿದ್ರ ಗಾಡಿ ಅಲ್ಲಿ ನವಿಲಿನ ಹಾಗೆ ಓಡಿತು! ತಂಗಿ ಮುಂದೆ ಹಗ್ಗ ಹಿಡಿದು ಎಳೆದಳು, ಟೈಲರ್ ಹಿಂದೆ ಬರೀ ಕೈ ತಾಗಿಸಿಕೊಂಡು ಬಂದರು. "ಪೈಲ್ವಾನ್ರೇ, ನಿಮ್ ರೈಲು ಬಂತಲ್ರಿ" ಎಂದು ಅಡುಗೆಯವರು ನಕ್ಕರು. ನಾನು ಕೈಯಲ್ಲಿ ಒಂದು ಕೇಬಲ್ ಚೀಲ ಹಿಡಿದು ಹಿಂದೆ ನಡೆದೆ. ಮಿರ್ಚಿ ಕೊಟ್ಟರು, ಇಲ್ಲವೆನ್ನಲಾರೆ. ಆದರೆ ಟೈಲರಿಗೂ ಕೊಟ್ಟರು. ನನ್ನದನ್ನು ಅರ್ಧಕ್ಕೇ ಬಿಟ್ಟೆ. ಮನೆಗೆ ಬಂದು ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಎರಡನೆಯದು ಹರಿಹರದಲ್ಲಿ. ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಮಂಟಪ. ಅದರ ಹಿಂಬಾಗಿಲು ನನಗೆ ನನ್ನ ಮನೆಯ ಬಾಗಿಲಿನಷ್ಟೇ ಗೊತ್ತು. ಅಡುಗೆಮನೆಯ ನೀರು ಹೋಗಲು ಬಾಗಿಲಿಗೆ ಅಡ್ಡವಾಗಿ ಒಂದು ಕಾಲುವೆ, ಅದರ ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಸರಳುಗಳ ನಡುವಿನ ಸಂದಿ ಎಷ್ಟಿದೆ, ಆ ಗಾಡಿಯ ಗಾಲಿ ಎಷ್ಟಿದೆ ಎನ್ನುವುದು ದಾವಣಗೆರೆ ಬಿಡುವಾಗಲೇ ನನ್ನ ತಲೆಯಲ್ಲಿತ್ತು. ಆಟೋದಲ್ಲಿ ಹಿಂದೆ ಬಾಕ್ಸುಗಳ ನಡುವೆ ಕೂತು ನಾನು ಅದನ್ನೇ ಯೋಚಿಸುತ್ತಿದ್ದೆ. ಗಾಲಿ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತಂಗಿ ಎಳೆದು ನೋಡುತ್ತಾಳೆ, ಆಗುವುದಿಲ್ಲ. "ಅಣ್ಣಾ!" ಎಂದು ಕೂಗುತ್ತಾಳೆ. ಅಡುಗೆಯವರೆಲ್ಲ ನೋಡುತ್ತಿರುವಾಗ ನಾನು ಹೋಗಿ ಬೇಸ್ ಬಾಕ್ಸ್ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಗಾಡಿ ಆಟೋದಲ್ಲೇ ಉಳಿಯುತ್ತದೆ, ಇನ್ನು ಮುಂದೆಯೂ. ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ.

ಆದದ್ದು ಅರ್ಧ ಹಾಗೆಯೇ. ಅವಳು ಎಳೆದುಕೊಂಡು ಬಂದಳು, ಗಾಡಿಯ ಮುಂದಿನ ಗಾಲಿ ಜಾಲರಿಯಲ್ಲಿ ಇಳಿದು ನಿಂತಿತು. ನಾನು ನಾಲ್ಕು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಕಾಯುತ್ತಿದ್ದೆ. ಆದರೆ ಅವಳು ಕೂಗಲಿಲ್ಲ. ಬಗ್ಗಿ, ಗಾಡಿಯ ಅಂಚಿಗೆ ಬಲಗೈ ಹಾಕಿ, ತಾನೇ ಎತ್ತಿದಳು. ಗಾಡಿ ವಾಲಿತು. ಮೇಲಿನ ಬಾಕ್ಸ್ ಜಾರಿ ಅವಳ ಕೈಯನ್ನು ಅಂಚಿಗೆ ಸೇರಿಸಿ ಒತ್ತಿತು.

ನಾನು ಓಡಿದೆ. ಬಾಕ್ಸನ್ನು ಒಂದೇ ಕೈಯಲ್ಲಿ ಎತ್ತಿ ಬಿಸಾಡಿದೆ ಎಂದು ಆಮೇಲೆ ಟೈಲರ್ ಹೇಳಿದರು. ಅಡುಗೆಯವರೆಲ್ಲ ನೋಡುತ್ತಿದ್ದರು.

ಉಂಗುರದ ಬೆರಳು ಕ್ಷಣದಲ್ಲಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಡುಗೆಯವರೊಬ್ಬರು ಐಸ್ ತಂದರು. "ಪ್ರೋಗ್ರಾಂ ಬ್ಯಾಡ, ದವಾಖಾನೆಗೆ ಹೋಗಾನ" ಎಂದು ನಾನು ಅತ್ತುಬಿಡುವ ದನಿಯಲ್ಲಿ ಹೇಳಿದೆ. ಅವಳು ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದಳು! "ಬೆರಳು ಒಂದೇ ಹೋದದ್ದು ಅಣ್ಣ, ಗಂಟಲು ಹೋಗಿಲ್ಲ. ಹೆಣ್ಣಿನ ಕಡೆಯೋರು ಆಗ್ಲೇ ಬಂದು ಕುಂತಾರೆ." ಅವತ್ತು ಅವಳು ಎಡಗೈಯೊಂದರಲ್ಲೇ ಕೀಬೋರ್ಡ್ ನುಡಿಸುತ್ತ, ಬಲಗೈಯನ್ನು ಸೆರಗಿನ ಮರೆಯಲ್ಲಿ ಐಸಿನ ಮೇಲಿಟ್ಟುಕೊಂಡು ಹಾಡಿದಳು. ಸೆರಗು ಒದ್ದೆಯಾಗುತ್ತ ಬಂತು. ಮದುವೆ ಮನೆಯವರಿಗೆ ಏನೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ನನಗಾಗಿ ತೆಗೆದಿಟ್ಟ ಎಲೆ ಹಾಗೇ ಇತ್ತು.

ಎಲುಬು ಬಿರುಕು ಬಿಟ್ಟಿದೆ ಎಂದರು ವೈದ್ಯರು. ಬೆರಳಿಗೆ ಪಟ್ಟಿ ಕಟ್ಟಿ, ಮಡಚುವಂತಿಲ್ಲ ಎಂದರು. ಬರುವ ಕಾರ್ಯಕ್ರಮಗಳಿಗೆ ಕೀಬೋರ್ಡಿನವನನ್ನು ಹೊರಗಿನಿಂದ ಕರೆಸಬೇಕಾಯಿತು. ಅವನು ಅವಳ ಹಾಡಿಗಿಂತ ಯಾವಾಗಲೂ ಅರ್ಧ ಹೆಜ್ಜೆ ಮುಂದೆ ಓಡುತ್ತಿದ್ದ. ಅವಳು ಹಿಂದಿನಿಂದ ಅಟ್ಟಿಸಿಕೊಂಡು ಹೋದಂತೆ ಹಾಡುತ್ತಿದ್ದಳು. ಇದಕ್ಕಿಂತ ನನಗೆ ತಡೆಯಲಾಗದಿದ್ದದ್ದು ಅವಳು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ ಮಾತು: "ನಂದೇ ತಪ್ಪು. ಅಣ್ಣ ಅಲ್ಲೇ ಇದ್ದ, ಕರೀಬೇಕಿತ್ತು ನಾನು."

ಪ್ರತಿ ಸಲ ಅವಳು ಹಾಗೆಂದಾಗ ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಭಟ್ಟಿಯಲ್ಲಿ ಮಂಡಕ್ಕಿ ಸಿಡಿಯುವ ಸದ್ದಿನಲ್ಲೂ ಅದೇ ಮಾತು. ಟೈಲರ್ ಒಮ್ಮೆ, "ಏನ್ ಪೈಲ್ವಾನ್ರೇ, ಮೀನಿನಂಗೆ ಬಾಯಿ ಆಡಿಸ್ತೀರಲ್ಲ, ಹಲ್ಲು ನೋವಾ?" ಎಂದೂ ಕೇಳಿದರು.

ಕೊನೆಗೆ ಹೇಳಿದ್ದು ಮನಸ್ಸಾಕ್ಷಿ ಚುಚ್ಚಿ ಅಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸಿಕ್ಕಿಬೀಳುವ ಭಯಕ್ಕೆ ಹೇಳಿದೆ. ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿ, "ಈ ಗಾಡಿ ಸಾಕು. ಆ ಗುಜರಿ ಅಂಗಡಿಗೆ ನಾನೂ ಬರ್ತೀನಿ. ಬೇರೆ ಯಾವ್ದಾದ್ರೂ ಬಂದೈತೇನೋ ಕೇಳಾನ. ಸ್ಕೂಟರ್ ತಗಂಡು ಬಾ" ಎಂದಳು. ಅಂಗಡಿಯವರ ಮಾತುಗಾರಿಕೆ ನೆನಪಾಯಿತು. ಅವಳು ಒಳಗೆ ಕಾಲಿಡುವುದೇ ತಡ, ಅವರು ಎಲ್ಲ ಹೇಳಿಬಿಡುತ್ತಾರೆ.

ಹೋಗುವಾಗ ರೈಲ್ವೆ ಗೇಟು ಬಿತ್ತು. ನಮ್ಮ ಎಡಕ್ಕೆ ಒಂದು ಆಟೋ, ಬಲಕ್ಕೆ ಹಾಲಿನ ಗಾಡಿ, ಮುಂದೆ ಹಿಂದೆ ಬೈಕುಗಳು. ಗೂಡ್ಸ್ ರೈಲು ಬಂತು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದುಕೊಂಡು, ತಿರುಗಿ ನೋಡದೆಯೇ ಎಲ್ಲ ಹೇಳಿಬಿಟ್ಟೆ. ರಬ್ಬರ್ ಗಾಲಿಯ ಗಾಡಿ ಅಲ್ಲೇ ಇತ್ತು ಎಂದೆ. ಒಂದು ಬೆರಳಿಗೆ ಓಡುತ್ತಿತ್ತು, ಅದಕ್ಕೇ ಬಿಟ್ಟು ಬಂದೆ ಎಂದೆ. ಕೆಟ್ಟದ್ದನ್ನೇ ಬೇಕೆಂದು ಆರಿಸಿದೆ ಎಂದೆ. ಎದೆ ಹಗುರಾಯಿತು. ರೈಲಿನ ಕೊನೆಯ ಡಬ್ಬಿ ದಾಟಿತು.

"ಏನಂದಿ? ಆ ಸದ್ದಿನಾಗೆ ಒಂದೂ ಕೇಳ್ಲಿಲ್ಲ" ಎಂದಳು ತಂಗಿ.

ಎಲ್ಲರೂ ಇಂಜಿನ್ ಆರಿಸಿದ್ದರು. ಎದುರು ದಿಕ್ಕಿನಿಂದ ಇನ್ನೊಂದು ರೈಲು ಬರಬೇಕಿತ್ತೇನೋ, ಗೇಟು ಏಳಲಿಲ್ಲ. ಅಷ್ಟು ನಿಶ್ಶಬ್ದದ ದಾವಣಗೆರೆಯನ್ನು ನಾನು ಮತ್ತೆಂದೂ ಕಂಡಿಲ್ಲ. ಆ ನಿಶ್ಶಬ್ದದಲ್ಲಿ ಎರಡನೆಯ ಸಲ ಹೇಳಿದೆ. ಆಟೋದವನು ತಲೆ ಹೊರಗೆ ಹಾಕಿ ಕೇಳಿಸಿಕೊಂಡ. ಹಾಲಿನವನು ಬೀಡಿ ಹಚ್ಚುವುದನ್ನು ನಿಲ್ಲಿಸಿದ.

ತಂಗಿ ಪಟ್ಟಿ ಕಟ್ಟಿದ ಬೆರಳನ್ನು ನೋಡಿಕೊಂಡಳು. ಆಮೇಲೆ, "ಯಾಕ?" ಎಂದಳು.

"ಗಾಡಿ ಚಲೋ ಇದ್ರೆ ನನ್ನ ಯಾಕೆ ಕರ್ಕೊಂಡು ಹೋಗ್ತೀರಿ ಅಂತ."

"ಅಕ್ಕ, ಪಾಪ, ಹೋಗ್ಲಿ ಬಿಡ್ರಿ" ಎಂದ ಆಟೋದವನು.

ಅವಳು ಅವನ ಕಡೆ ತಿರುಗಿ, "ಖಾಲಿ ಐತಾ?" ಎಂದಳು. "ಐತ್ರಿ." ಸ್ಕೂಟರಿನಿಂದ ಇಳಿದು, ಪಟ್ಟಿ ಕಟ್ಟಿದ ಬೆರಳನ್ನು ಮೇಲೆತ್ತಿ ಹಿಡಿದುಕೊಂಡು ಆಟೋ ಹತ್ತಿ ಕೂತಳು. ಗೇಟು ಎದ್ದಾಗ ಆಟೋ ಮುಂದೆ, ನಾನು ಹಿಂದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ ಏನೂ ಮಾಡಲಾಗದು ಎನ್ನುವಂತೆ ಕೈ ತಿರುಗಿಸಿದ.

ನಾನು ಅಂಗಡಿ ಮುಟ್ಟುವ ಹೊತ್ತಿಗೆ ಅವಳು ಆ ಗಾಡಿಯ ಮುಂದೆ ನಿಂತಿದ್ದಳು. ಅದರ ಮೇಲೆ ಹಳೆಯ ಫ್ಯಾನುಗಳನ್ನು ಒಟ್ಟಿದ್ದರು. ಅಂಗಡಿಯವರು ನನ್ನನ್ನು ಕಂಡವರೇ, "ಬಂದ್ರಾ ಭಾಯ್! ಅವತ್ತೇ ಹೇಳಿದ್ನಲ್ರಿ" ಎಂದು ಶುರು ಮಾಡಿದರು. ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿ ಫ್ಯಾನುಗಳನ್ನು ಇಳಿಸಿದರು.

"ಕೂಡು" ಎಂದಳು ತಂಗಿ.

"ಎಲ್ಲಿ?"

"ಗಾಡಿ ಮ್ಯಾಲೆ. ಬೇಸ್ ಬಾಕ್ಸಿಗಿಂತ ನೀನೇ ಭಾರ. ನಿನ್ನ ಹೊತ್ರೆ ಎಲ್ಲಾನೂ ಹೊರ್ತೈತೆ."

ಕೂತೆ. ಅವಳು ಎಡಗೈಯಿಂದ ದಬ್ಬಿದಳು. ಕಲ್ಲು ದಾಟಿ ಗಾಡಿ ಬೀದಿಗೆ ಬಂತು. ನಲವತ್ತೆಂಟು ವರ್ಷದ ಗಂಡಸು ಮಂಡಿ ಮಡಚಿಕೊಂಡು ಗಾಡಿಯ ಮೇಲೆ, ತಂಗಿ ಹಿಂದೆ. ಚಹಾ ಅಂಗಡಿಯಿಂದ ಯಾರೋ, "ಮೆರವಣಿಗೆ ಭರ್ಜರಿ ಐತೆ, ಹೆಣ್ಣು ಎಲ್ರೀ?" ಎಂದು ಕೂಗಿದರು. ತಂಗಿ ನಗಲಿಲ್ಲ. ಬೀದಿಯ ಕೊನೆಯವರೆಗೂ ದಬ್ಬಿದಳು. ಅಲ್ಲಿ ನಿಲ್ಲಿಸಿ ನನ್ನ ಮುಂದೆ ಬಂದು ನಿಂತಳು.

"ಕೇಳಿದೆಲ್ಲ, ಯಾಕೆ ಕರ್ಕೊಂಡು ಹೋಗ್ತೀರಿ ಅಂತ. ಎತ್ತಾಕೇ ಕರ್ಕೊಂಡು ಹೋಗ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ? ಇನ್ಮ್ಯಾಲೆ ಯಾಕೆ ಅಂತ ನನಗೂ ಗೊತ್ತಿಲ್ಲ. ನಿನಗೆ ಗೊತ್ತಾದ್ರೆ ಹೇಳು."

ಹಾಗಲ್ಲ, ನೀನು ನನ್ನ ಅಣ್ಣ, ನೀನಿಲ್ಲದೆ ಹೇಗೆ ಎಂದೆಲ್ಲ ಹೇಳುತ್ತಾಳೆಂದು ಒಳಗೊಳಗೇ ಕಾದಿದ್ದೆ. ಅವಳು ಹಾಗೆ ಹೇಳಲಿಲ್ಲ. ವಾಪಸು ಬರುವಾಗ ಗಾಡಿಯನ್ನು ನಾನೇ ದಬ್ಬಿದೆ. ನಿಜವಾಗಿಯೂ ಒಳ್ಳೆಯ ಗಾಡಿ.

ಆ ಮೇಲಿನ ಕಾರ್ಯಕ್ರಮಗಳಿಗೆ ಅವಳು ಕರೆಯದಿದ್ದರೂ ಹೋದೆ. ಅವಳು ಬೇಡವೆಂದೂ ಹೇಳಲಿಲ್ಲ. ಕೊಂಡು ತಂದ ರಬ್ಬರ್ ಗಾಲಿಯ ಗಾಡಿಯಲ್ಲಿ ಸಾಮಾನು ಕ್ಷಣದಲ್ಲಿ ಒಳಗೆ ಸೇರುತ್ತಿತ್ತು. ಮೊದಲೆಲ್ಲ ಬಾಕ್ಸ್ ಇಟ್ಟು, ಮಿರ್ಚಿ ತಿಂದು, ಆಟೋದ ಹಿಂದೆ ಕಾಲು ಚಾಚಿ ಮಲಗುತ್ತಿದ್ದವನು ಈಗ ಆಯಾಸವೇ ಇಲ್ಲದ್ದರಿಂದ ಮಂಟಪದ ಕೊನೆಯ ಕುರ್ಚಿಯಲ್ಲಿ ಕೂರತೊಡಗಿದೆ. ಇಷ್ಟು ವರ್ಷ ತಂಗಿಯ ಹಾಡನ್ನು ಗೋಡೆಯ ಆಚೆಯಿಂದ ಕೇಳಿದ್ದೆ, ಎದುರು ಕೂತು ಕೇಳಿರಲಿಲ್ಲ. ಪಟ್ಟಿ ಬಿಚ್ಚಿ ಅವಳೇ ಮತ್ತೆ ಕೀಬೋರ್ಡಿಗೆ ಕೂತ ಮೇಲೆ ನನಗೆ ಒಂದು ಕೇಳಿಸಿತು. ವೇಗದ ಹಾಡುಗಳಲ್ಲಿ ಒಂದು ಸ್ವರ ತಡವಾಗಿ ಬರುತ್ತಿತ್ತು. ಉಂಗುರದ ಬೆರಳಿನ ಸ್ವರ. ಮದುವೆ ಮನೆಯಲ್ಲಿ ಅದು ಯಾರಿಗೆ ಕೇಳಬೇಕು? ಕುಣಿಯುವವರು ಕುಣಿಯುತ್ತಿದ್ದರು. ನನಗಂತೂ ಅದು ಬರುವ ಮೊದಲೇ ಭುಜ ಬಿಗಿಯಾಗುತ್ತಿತ್ತು.

ಗೇಟಿನಲ್ಲಿ ನಾನು ಗಾಡಿಯ ವಿಷಯ ಹೇಳಿದ್ದೆ. ಜಾಲರಿಯ ವಿಷಯ ಹೇಳಿರಲಿಲ್ಲ. ಒಂದು ಸಂಜೆ ಕಾರ್ಯಕ್ರಮ ಮುಗಿದು ಅವಳು ಕೀಬೋರ್ಡ್ ಒರೆಸುತ್ತಿದ್ದಾಗ, ಯಾವ ರೈಲೂ ಬರದ ಜಾಗದಲ್ಲಿ, ಅದನ್ನೂ ಹೇಳಿದೆ. ಆ ಜಾಲರಿ ನನಗೆ ಮೊದಲೇ ಗೊತ್ತಿತ್ತು. ನೀನು ಕೂಗುತ್ತೀಯೆಂದು ಕೈಕಟ್ಟಿ ನಿಂತಿದ್ದೆ ಎಂದೆ.

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. "ನೋಡ್ತಾ ನಿಂತಿದ್ದೆ?"

"ಹ್ಞೂಂ."

"ಗೊತ್ತಿದ್ದೂ?"

"ಹ್ಞೂಂ."

ಅವಳ ಕಣ್ಣು ತುಂಬಿದ್ದು ಬೆರಳು ಮುರಿದಾಗಲೂ ಅಲ್ಲ, ಗೇಟಿನಲ್ಲೂ ಅಲ್ಲ, ಈಗ. "ಕೇಬಲ್ ಸುತ್ತು" ಎಂದಳು ಅಷ್ಟೇ. ಸುತ್ತಿದೆ. ದಾರಿಯಲ್ಲಿ ಟೈಲರ್ ಒಬ್ಬರೇ ಮಾತಾಡುತ್ತ ಬಂದರು, ಅದೂ ಯಾವುದೋ ಮದುಮಗಳ ತೋಳಿನ ಅಳತೆಯ ಬಗ್ಗೆ.

ಬಹಳ ದಿನ ಫೋನ್ ಬರಲಿಲ್ಲ. ನಡುವೆ ಒಂದು ಕಾರ್ಯಕ್ರಮ ನನ್ನನ್ನು ಬಿಟ್ಟೇ ಆಯಿತು. ಅಡುಗೆಯವರು "ಪೈಲ್ವಾನ್ ಎಲ್ಲಿ" ಎಂದು ಕೇಳಿದರಂತೆ, ಅವಳು ಹುಷಾರಿಲ್ಲ ಎಂದಳಂತೆ. ನಾನು ಮಂಡಕ್ಕಿ ಚೀಲ ಹೊತ್ತುಕೊಂಡು ಇದ್ದೆ. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು.

"ನಾಳೆ ಲೋಕಿಕೆರೆಯಾಗೆ ಪ್ರೋಗ್ರಾಂ. ಮಂಟಪ ಅಲ್ಲ, ಮನೆ ಮುಂದೆ ಪೆಂಡಾಲು. ಇವತ್ತೇ ಹೋಗಿ ದಾರಿ ನೋಡ್ಕೊಂಡು ಬಾ. ಆಟೋ ಎಲ್ಲಿಗಂಟ ಹೋಗ್ತೈತೆ, ಗಾಡಿ ಎಲ್ಲಿ ಸಿಕ್ಕೊಂತೈತೆ, ಎಲ್ಲಾ ನೋಡಿ ಹೇಳು. ಎಲ್ಲಾ ಅಂದ್ರೆ ಎಲ್ಲಾ."

ಭಟ್ಟಿಗೆ ರಜೆ ಹೇಳಿ ಮೊದಲ ಬಸ್ಸಿಗೆ ಹೋದೆ. ರಸ್ತೆಯಿಂದ ಆ ಮನೆಯ ಅಂಗಳದವರೆಗೆ ನಡೆದೆ, ವಾಪಸು ನಡೆದೆ, ಮತ್ತೆ ನಡೆದೆ. ಮನೆಯವರು ಕಳ್ಳನೋ ಸರ್ವೆಯವನೋ ಎಂದು ನೋಡಿದರು. ಅಲ್ಲೇ ನಿಂತು ಅವಳಿಗೆ ಫೋನ್ ಹಚ್ಚಿದೆ. ಮೊದಲ ತಿರುವಿನಲ್ಲಿ ನೀರಿನ ಪೈಪು ಅಡ್ಡ ಬಂದಿದೆ, ಹಲಗೆ ಹಾಕಬೇಕು. ದನ ಕಟ್ಟುವ ಗೂಟ ಎಡಕ್ಕೆ. ಅಂಗಳಕ್ಕೆ ಹತ್ತುವ ಕಡೆ ಮಣ್ಣು ಸಡಿಲ, ಅಲ್ಲಿ ಬಾಕ್ಸ್ ಇಳಿಸಿ ಒಂದೊಂದೇ ಒಯ್ಯಬೇಕು, ಇಬ್ಬರು ಹಿಡಿಯುವುದೇ ಒಳ್ಳೆಯದು. ತುಳಸಿ ಕಟ್ಟೆಯ ಹತ್ತಿರ ಒಂದು ಕಲ್ಲು ಅಲ್ಲಾಡುತ್ತದೆ.

"ಎಷ್ಟು ಅಲ್ಲಾಡ್ತೈತೆ?" ಎಂದಳು.

ಕಾಲಿಟ್ಟು ನೋಡಿ ಹೇಳಿದೆ.